ಕೆಳಗಿನ ಗದ್ದೆ

ಎಣ್ಣೆ ಎಂದೊಡನೆ ನಮಗೆ ನೆನಪಾಗುವುದು ಅಡುಗೆಮನೆ, ದೇವರ ದೀಪ, ದೀಪಾವಳಿಯ ಅಭ್ಯಂಜನ. ನಮ್ಮ ಹಿರಿಯರಿಗೆ ಇವುಗಳ ಜೊತೆಗೆ ಇನ್ನೊಂದು ಎಣ್ಣೆಯೂ ಪರಿಚಿತವಾಗಿತ್ತು. ಅದು ಕೀಲೆಣ್ಣೆ. ಎತ್ತಿನ ಗಾಡಿಯ ಅಚ್ಚಿಗೆ ಹಚ್ಚುವ ಆ ಕಪ್ಪು ಜಿಡ್ಡನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಗೇ ತೂಗುಹಾಕುತ್ತಿದ್ದರು. ಗಾಡಿ ಕಿರುಗುಟ್ಟಿದರೆ ದಾರಿಯಲ್ಲಿ ನಿಲ್ಲಿಸಿ ಹಚ್ಚುತ್ತಿದ್ದರು. ಇಂದು ಎತ್ತಿನ ಗಾಡಿಗಳು ಅಪರೂಪವಾಗಿವೆ. ಕೀಲೆಣ್ಣೆ ಮಾತ್ರ ಹೋಗಲಿಲ್ಲ. ಅದು ಎಂಜಿನ್ನಿನ ಒಳಗೆ ಸೇರಿ ಕಣ್ಮರೆಯಾಯಿತು. ಕಾಣದ್ದನ್ನು ಕುರಿತು ನಾವು ಯೋಚಿಸುವುದೂ ಕಡಿಮೆ. ಅದರ ಬಗೆಗೆ ನಾನು ಯೋಚಿಸುವಂತಾದದ್ದು ವಯನಾಡಿನ ಚೇಕಾಡಿಯಲ್ಲಿ.

ಮೈಸೂರಿನಿಂದ ಎಚ್.ಡಿ. ಕೋಟೆ, ಅಂತರಸಂತೆ, ಡಿ.ಬಿ. ಕುಪ್ಪೆಯ ಕಾಡುದಾರಿಯಲ್ಲಿ ಸಾಗಿ ಬಾವಲಿಯಲ್ಲಿ ಗಡಿ ದಾಟಿದರೆ ಚೇಕಾಡಿ ದೂರವಿಲ್ಲ. ಒಂದು ಕಡೆ ಕಬಿನಿ, ಉಳಿದ ಕಡೆಗಳಲ್ಲಿ ಕಾಡು, ನಡುವೆ ಬಟ್ಟಲಿನಂತೆ ಗದ್ದೆಬಯಲು. ಗಂಧಕಸಾಲೆ ಎಂಬ ಸುವಾಸನೆಯ ಭತ್ತವನ್ನು ಇಂದಿಗೂ ಬಿಡದೆ ಬೆಳೆಯುವ ಊರು ಅದು. ಆನೆ, ಹಂದಿಗಳನ್ನು ಕಾಯಲು ಗದ್ದೆಯಂಚಿನಲ್ಲಿ ಅಟ್ಟಣೆ ಕಟ್ಟಿ ರಾತ್ರಿಯೆಲ್ಲ ಎಚ್ಚರವಿರುತ್ತಾರೆ. ಅಲ್ಲಿಯ ವ್ಯವಹಾರದ ಭಾಷೆ ಮಲಯಾಳ. ಆದರೆ ಆ ಕಾಡುಗಳ ಕಾಟುನಾಯಕರ ಮಾತಿನಲ್ಲಿ ಕನ್ನಡ ಕೇಳಿಸುತ್ತದೆ. ಸಂತೆ, ಆಸ್ಪತ್ರೆ, ನೆಂಟಸ್ತನಗಳಿಗಾಗಿ ಜನ ಮೈಸೂರಿನ ಕಡೆಗೂ ಮುಖ ಮಾಡುತ್ತಾರೆ. ನನ್ನ ಅಕ್ಕನನ್ನು ಕೊಟ್ಟ ಮನೆ ಅಲ್ಲಿದೆ. ಮನೆಯಲ್ಲಿ ಕನ್ನಡ, ಗದ್ದೆಯಲ್ಲಿ ಮಲಯಾಳ ಎಂಬುದು ಭಾವನವರ ನಲವತ್ತು ವರ್ಷಗಳ ಬದುಕು.

ಅವರ ಮಗ ಬೆಂಗಳೂರಿನಲ್ಲಿ ಎಂಜಿನಿಯರ್. ಡಿಸೆಂಬರಿನ ಕೊಯ್ಲಿಗೆಂದು ರಜೆ ಹಾಕಿ ಊರಿಗೆ ಬಂದಿದ್ದ. ಬಂದದ್ದು ತನ್ನ ಹೊಸ ಪ್ರೀತಿಯಾದ ಹಳೆಯ ಕಾರಿನಲ್ಲಿ: 2017ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ನೋಡಲು ಮನೆಮಂದಿಯ ಕಾರೇ. ಒಳಗೆ ಮಾತ್ರ ಎರಡು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 230 ಅಶ್ವಶಕ್ತಿ. ಬೇರೊಬ್ಬರಿಂದ ಕೊಂಡಿದ್ದರೂ ಅದಕ್ಕೆ ಕೊಟ್ಟ ಹಣವನ್ನು ಭತ್ತದ ಲೆಕ್ಕದಲ್ಲಿ ಎಣಿಸಿದ ಭಾವನವರು ಎರಡು ದಿನ ಹೆಚ್ಚು ಮಾತನಾಡಿರಲಿಲ್ಲ. ಇಷ್ಟು ವೇಗದ ವಾಹನ ಕೊಂಡವನು ಈ ಗದ್ದೆಗೆ ಎಂದಾದರೂ ಮರಳುವನೇ ಎಂಬುದು ಅವರ ಒಳಗಿನ ಪ್ರಶ್ನೆ. ಅದನ್ನು ಅವರು ನನ್ನೊಡನೆ ಹೇಳಿದರು, ಮಗನೊಡನೆ ಹೇಳಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಹುಡುಗ ಕಾರಿನ ಎಣ್ಣೆ ಬದಲಿಸಲು ಅಣಿಯಾದ. ಹೊಸ ಎಣ್ಣೆ, ಫಿಲ್ಟರ್, ಸ್ಪ್ಯಾನರುಗಳನ್ನೆಲ್ಲ ಬೆಂಗಳೂರಿನಿಂದಲೇ ತಂದಿದ್ದ. ವರ್ಕ್‌ಶಾಪಿಗೆ ಏಕೆ ಕೊಡುವುದಿಲ್ಲವೆಂದು ಕೇಳಿದೆ. “ಮಾವ, ಈ ಒಂದು ಕೆಲಸವನ್ನು ನಾನೇ ಮಾಡಿದರೆ ನನಗೆ ಸಮಾಧಾನ. ಟರ್ಬೊ ಇರುವ ಎಂಜಿನ್ನಿಗೆ ಎಣ್ಣೆಯೇ ಪ್ರಾಣ” ಎಂದ.

ಆ ಮಾತಿನ ಅರ್ಥವನ್ನು ಅವನು ಕೆಲಸ ಮಾಡುತ್ತಲೇ ವಿವರಿಸಿದ. ಎಂಜಿನ್ ಉಸಿರು ಬಿಟ್ಟಾಗ ಹೊರಬರುವ ಬಿಸಿ ಹೊಗೆ ಸಾಮಾನ್ಯ ಕಾರಿನಲ್ಲಿ ಸುಮ್ಮನೆ ಗಾಳಿಗೆ ಸೇರುತ್ತದೆ. ಟರ್ಬೊದಲ್ಲಿ ಆ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಮತ್ತೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ವ್ಯರ್ಥವಾಗುವುದನ್ನು ದುಡಿಸಿಕೊಳ್ಳುವ ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಶಿ 1905ರಲ್ಲಿಯೇ ಪೇಟೆಂಟ್ ಪಡೆದಿದ್ದ. ಮಾರುಕಟ್ಟೆಯ ಕಾರುಗಳಿಗೆ ಅದು ಬಂದದ್ದು 1962ರಲ್ಲಿ, ಅಮೆರಿಕದಲ್ಲಿ. ಆ ಪುಟ್ಟ ದಂಡ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಪೆಟ್ರೋಲ್ ಎಂಜಿನ್ನು ಬಿರುಸಾಗಿ ದುಡಿಯುವಾಗ ಚಕ್ರದ ಮೇಲೆ ಹಾಯುವ ಹೊಗೆಯ ಬಿಸಿ 900 ಡಿಗ್ರಿಯನ್ನೂ ಮುಟ್ಟಬಲ್ಲದು. ಅಂಥ ದಂಡ ಲೋಹಕ್ಕೆ ಲೋಹ ತಾಗದಂತೆ ಕೂದಲಿಗಿಂತ ತೆಳುವಾದ ಎಣ್ಣೆಯ ಪೊರೆಯ ಮೇಲೆ ತೇಲುತ್ತದೆ. ಬಿರುಸಾಗಿ ಓಡಿಸಿ ಥಟ್ಟನೆ ನಿಲ್ಲಿಸಿದರೆ ಹರಿವು ನಿಂತು, ಉಳಿದ ಎಣ್ಣೆ ಬೆಂದು ಕರಿಯಾಗಿ ಅಂಟಿಕೊಳ್ಳುವ ಅಪಾಯವಿದೆ. ಆದ್ದರಿಂದಲೇ ಅವನು ಘಾಟಿ ಹತ್ತಿ ಬಂದ ಕಾರನ್ನು ನಿಲ್ಲಿಸುವ ಮೊದಲು ಒಂದೆರಡು ನಿಮಿಷ ಸುಮ್ಮನೆ ಉರಿಯಲು ಬಿಡುತ್ತಾನೆ. ಎಣ್ಣೆಯನ್ನೂ ಕಂಪನಿ ಹೇಳಿದ ಅವಧಿಗೆ ಮೊದಲೇ ಬದಲಿಸುತ್ತಾನೆ.

ಹತ್ತು ನಿಮಿಷ ಎಂಜಿನ್ ಓಡಿಸಿ ಎಣ್ಣೆಯನ್ನು ಹದವಾಗಿ ಬೆಚ್ಚಗಾಗಿಸಿದ. ತಣ್ಣಗಿನ ಎಣ್ಣೆ ಪೂರ್ತಿ ಇಳಿಯುವುದಿಲ್ಲ, ತೀರ ಬಿಸಿಯಾದದ್ದು ಕೈ ಸುಡುತ್ತದೆ. ಜಾಕಿನಿಂದ ಎತ್ತಿದ ಕಾರನ್ನು ಜಾಕಿನ ಮೇಲೆಯೇ ಬಿಡದೆ ಸ್ಟ್ಯಾಂಡಿನ ಮೇಲೆ ಕೂರಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟ. ತಳದ ಹೊದಿಕೆ ಬಿಚ್ಚಿ ಡ್ರೈನ್ ಬೋಲ್ಟ್ ಸಡಿಲಿಸಿದಾಗ ಎಣ್ಣೆ ಅಗಲವಾದ ಟಬ್ಬಿಗೆ ಧಾರೆಯಾಗಿ ಬಿತ್ತು. ಅದು ಕಾಡಿಗೆಯಂತೆ ಕಪ್ಪಾಗಿತ್ತು. ನಾನು “ಇಷ್ಟು ಕೆಟ್ಟುಹೋಗಿದೆಯೇ?” ಎಂದೆ. “ಕೆಟ್ಟದ್ದಲ್ಲ ಮಾವ, ದುಡಿದದ್ದು. ಎಂಜಿನ್ನಿನ ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಂಡಿದೆ. ಇದು ಹೊಸದರಂತೆ ಹೊಳೆಯುತ್ತಿದ್ದರೆ ಮಸಿ ಒಳಗೇ ಉಳಿದಿದೆಯೋ ಏನೋ ಎಂದು ನಾನು ಹೆದರಬೇಕಿತ್ತು” ಎಂದ. ಮನೆಯ ಕೊಳೆಯನ್ನೆಲ್ಲ ತಾನು ಹೊತ್ತು ಉಳಿದವರನ್ನು ಹಸನಾಗಿಡುವ ಜೀವಗಳನ್ನು ನಾವೂ ಕಂಡಿದ್ದೇವೆ. ಅವರ ಕೈ ಕಪ್ಪಾಗಿರುವುದಕ್ಕೂ ಕಾರಣ ಅದೇ.

ಭಾವನವರು ಜಗಲಿಯಿಂದ ಎಲ್ಲವನ್ನೂ ನೋಡುತ್ತಿದ್ದರು. ಆ ವೇಳೆಗೆ ಪಕ್ಕದ ಮನೆಯವರು ಬಂದು, ಹಳೆಯ ಎಣ್ಣೆ ತಮಗೆ ಕೊಡಬೇಕೆಂದು ಕೇಳಿದರು. ಅಟ್ಟಣೆಯ ಕಂಬಗಳ ಬುಡಕ್ಕೆ ಬಳಿದರೆ ಗೆದ್ದಲು ಹತ್ತುವುದಿಲ್ಲವೆಂಬುದು ನಮ್ಮ ಕಡೆಯಲ್ಲಿಯೂ ನಡೆದುಬಂದ ರೂಢಿ. ಹುಡುಗ ಒಪ್ಪಿ ತಲೆಯಾಡಿಸುವುದರಲ್ಲಿದ್ದ. ಭಾವನವರು ಇಳಿದು ಬಂದು ಟಬ್ಬನ್ನೇ ನೋಡುತ್ತ ಕೇಳಿದರು: “ಕಂಬ ನಿಂತಿರುವುದು ಗದ್ದೆಯ ಅಂಚಿನಲ್ಲಿ. ಮಳೆ ಬಂದರೆ ಇದು ಎಲ್ಲಿಗೆ ಹೋಗುತ್ತದೆ?”

ಯಾರೂ ಉತ್ತರ ಕೊಡಲಿಲ್ಲ. ಅವರೇ ಮುಂದುವರಿಸಿದರು: “ಮೇಲಿನ ಗದ್ದೆಯವನು ನೀರು ಬಿಡುವಾಗ ಕೆಳಗಿನ ಗದ್ದೆಯವನನ್ನು ನೆನೆಯಬೇಕು. ನಮ್ಮಪ್ಪ ನನಗೆ ಬೇಸಾಯದಲ್ಲಿ ಮೊದಲು ಕಲಿಸಿದ್ದು ಇದನ್ನೇ.”

ಕೆಳಗಿನ ಗದ್ದೆ ಎಲ್ಲಿಯವರೆಗೆ ಇದೆ ಎಂದು ನಾನು ಆ ಹೊತ್ತಿನಲ್ಲಿ ಲೆಕ್ಕ ಹಾಕಿದೆ. ಚೇಕಾಡಿಯ ಗದ್ದೆಗಳ ನೀರು ಕಬಿನಿಗೆ ಸೇರುತ್ತದೆ. ಕೇರಳದ ಹೆಚ್ಚಿನ ನದಿಗಳು ಪಡುವಣಕ್ಕೆ ಹರಿದರೆ, ಮೂಡಣಕ್ಕೆ ಹರಿಯುವ ಮೂರರಲ್ಲಿ ಇದು ಒಂದು. ಬೀಚನಹಳ್ಳಿಯ ಅಣೆಕಟ್ಟೆಯಲ್ಲಿ ನಿಂತು, ನಂಜನಗೂಡಿನ ಶ್ರೀಕಂಠೇಶ್ವರನ ಊರನ್ನು ಹಾದು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಅದರ ಕೆಳಗೆ, ಶಿವನಸಮುದ್ರದ ಬಳಿ, ಬೆಂಗಳೂರಿಗೆ ಕುಡಿಯುವ ನೀರನ್ನು ಎತ್ತುತ್ತಾರೆ. ಎಂದರೆ ಆ ಹುಡುಗ ಬೆಂಗಳೂರಿನ ತನ್ನ ಮನೆಯಲ್ಲಿ ನಲ್ಲಿ ತಿರುಗಿಸಿದಾಗ ಬರುವ ನೀರಿನಲ್ಲಿ ಅವನ ಅಪ್ಪನ ಗದ್ದೆಯ ನೀರಿನ ಪಾಲೂ ಇದೆ. ಅವನಿಗೆ ಇದನ್ನು ಹೇಳಿದಾಗ ಅವನು ಸ್ವಲ್ಪ ಹೊತ್ತು ಕೈಯೊರೆಸುತ್ತ ಸುಮ್ಮನೆ ನಿಂತ.

ಆಮೇಲೆ ಅವನು ಪಕ್ಕದ ಮನೆಯವರಿಗೆ ತಾನೇ ತಿಳಿಯಹೇಳಿದ. ದುಡಿದ ಎಣ್ಣೆಯಲ್ಲಿ ಮಸಿಯಷ್ಟೇ ಅಲ್ಲ, ಸವೆದ ಲೋಹದ ಕಣಗಳೂ ಕ್ಯಾನ್ಸರ್ ತರಬಲ್ಲ ಸಂಯುಕ್ತಗಳೂ ಇರುತ್ತವೆ. ಒಂದು ಕಾರಿನಿಂದ ಒಮ್ಮೆ ತೆಗೆದ ಎಣ್ಣೆ ಹತ್ತು ಲಕ್ಷ ಗ್ಯಾಲನ್, ನಮ್ಮ ಲೆಕ್ಕದಲ್ಲಿ ಸುಮಾರು 38 ಲಕ್ಷ ಲೀಟರ್, ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸಿದೆ. ಕಂಬಗಳಿಗೆ ಬೇರೆ ಏರ್ಪಾಡು ಮಾಡಿಕೊಡುವುದಾಗಿ ಹುಡುಗ ಮಾತು ಕೊಟ್ಟ. ಬಂದವರೂ ಬೇಸಾಯಗಾರರೇ, ಬೇಸರಿಸಲಿಲ್ಲ.

ಉಳಿದ ಕೆಲಸ ಬೇಗ ಮುಗಿಯಿತು. ಹೊಸ ಫಿಲ್ಟರ್ ಕೂರಿಸಿ, ಬೋಲ್ಟ್ ಬಿಗಿದು, ಐದೂವರೆ ಲೀಟರಿಗೂ ತುಸು ಹೆಚ್ಚು ಹೊಸ ಎಣ್ಣೆಯನ್ನು ನಿಧಾನವಾಗಿ ಎರೆದ. ಕಾರು ಶುರುವಾದಾಗ ಆಕ್ಸಿಲರೇಟರ್ ಮುಟ್ಟಲಿಲ್ಲ. ಎಣ್ಣೆ ಹೊಸ ಫಿಲ್ಟರನ್ನು ತುಂಬಿ ಟರ್ಬೊದ ದಂಡವನ್ನು ತಲುಪಲು ಕೆಲವು ಕ್ಷಣ ಬೇಕು. ಎಂಜಿನ್ ನಿಲ್ಲಿಸಿ, ಕಾದು, ಡಿಪ್‌ಸ್ಟಿಕ್‌ನಲ್ಲಿ ಮಟ್ಟ ನೋಡಿದ. ಖಾಲಿಯಾದ ಹೊಸ ಎಣ್ಣೆಯ ಕ್ಯಾನುಗಳಿಗೇ ಹಳೆಯದನ್ನು ಸುರಿಯತೊಡಗಿದಾಗ ಆಲಿಕೆ ಹಿಡಿದು ನಿಂತವರು ಭಾವನವರು. ಎರಡು ದಿನಗಳ ಮೌನ ಮುರಿದು ಅಪ್ಪ ಮಗನನ್ನು ಕೇಳಿದರು: “ಈ ಟರ್ಬೊ ಎನ್ನುವುದು ನಮ್ಮ ಟ್ರಾಕ್ಟರಿಗೂ ಇದೆಯೇನೋ?” ಗದ್ದೆಗೆ ಮಗ ಮರಳುವನೇ ಎಂಬ ಪ್ರಶ್ನೆಗೆ ಅಂದು ಉತ್ತರ ಸಿಗಲಿಲ್ಲ. ಆದರೆ ಮಗ ಕೂಡ ಒಂದನ್ನು ಜೋಪಾನ ಮಾಡುವವನೇ ಎಂಬುದು ಅಪ್ಪನಿಗೆ ಕಂಡಿತು. ಜೋಪಾನ ಎಲ್ಲಿಯವರೆಗೆ ಸಾಗಬೇಕೆಂಬುದು ಮಗನಿಗೆ ಕಂಡಿತು.

ಸಂಜೆ ಆರರ ಮೇಲೆ ಬಾವಲಿಯ ಕಾಡುದಾರಿಯಲ್ಲಿ ವಾಹನ ಬಿಡುವುದಿಲ್ಲವಾದ್ದರಿಂದ ನಾನು ಮಧ್ಯಾಹ್ನವೇ ನನ್ನ ಕಾರಿನಲ್ಲಿ ಹೊರಟೆ. ಡಿಕ್ಕಿಯಲ್ಲಿ ಒಂದು ಮಗ್ಗುಲಿಗೆ ಅಕ್ಕ ಕೊಟ್ಟ ಗಂಧಕಸಾಲೆಯ ಚೀಲ, ಅದರಿಂದ ದೂರಕ್ಕೆ ಬಿಗಿಯಾಗಿ ಮುಚ್ಚಿದ ಎಣ್ಣೆಯ ಕ್ಯಾನುಗಳು. ಮೈಸೂರಿನಲ್ಲಿ ಹಳೆಯ ಎಣ್ಣೆಯನ್ನು ಕ್ರಮವಾಗಿ ಮರುಸಂಸ್ಕರಣೆಗೆ ಕಳುಹಿಸುವ ವರ್ಕ್‌ಶಾಪಿಗೆ ಅವುಗಳನ್ನು ಒಪ್ಪಿಸಿದೆ. 2016ರ ಕೇಂದ್ರ ನಿಯಮಗಳಂತೆ ಹಳೆಯ ಎಣ್ಣೆ ಅಪಾಯಕಾರಿ ತ್ಯಾಜ್ಯ. ಅದು ಪರವಾನಗಿ ಉಳ್ಳವರ ಕೈಗೇ ಸೇರಬೇಕು. 2024ರ ಏಪ್ರಿಲ್ 1ರಿಂದ ಎಣ್ಣೆ ತಯಾರಿಸುವವರ ಮೇಲೂ ಈ ಹೊಣೆ ಬಂದಿದೆ. ನೀರು, ಮಸಿಗಳನ್ನು ಬೇರ್ಪಡಿಸಿ ಭಟ್ಟಿಯಿಳಿಸಿದರೆ ಅದೇ ಎಣ್ಣೆ ಮತ್ತೆ ಎಂಜಿನ್ನಿಗೆ ಬರಬಲ್ಲದು. ಎಣ್ಣೆ ಸಾಯುವುದಿಲ್ಲ, ಕೊಳೆಯಾಗುತ್ತದೆ ಅಷ್ಟೆ.

ನಮ್ಮ ಸಂಘದ ಸದಸ್ಯರಲ್ಲಿ ಅನೇಕರ ಮನೆಗಳಲ್ಲಿ ಇಂದು ಟರ್ಬೊ ಕಾರುಗಳಿವೆ; ತಾವೇ ಎಣ್ಣೆ ಬದಲಿಸುವ ಉತ್ಸಾಹದ ಮಕ್ಕಳೂ ಇದ್ದಾರೆ. ಅವರ ಕೈಗೆ ಮಸಿ ಹತ್ತಲಿ, ಅದು ಒಳ್ಳೆಯದೇ. ಆದರೆ ಹೊಸ ಎಣ್ಣೆ ಎರೆದಲ್ಲಿಗೆ ಕೆಲಸ ಮುಗಿಯಿತೆಂದು ಅವರು ತಿಳಿಯದಿರಲಿ. ಹಳೆಯದನ್ನು ವರ್ಕ್‌ಶಾಪಿಗೆ ಕೊಡುವವರೂ ಅದು ಮುಂದೆ ಎಲ್ಲಿಗೆ ಹೋಗುತ್ತದೆಂದು ಒಂದು ಮಾತು ಕೇಳಲಿ. ವಯನಾಡು, ಮೈಸೂರು, ಬೆಂಗಳೂರುಗಳ ನಮ್ಮನ್ನು ಕನ್ನಡವೊಂದೇ ಬೆಸೆದಿದೆಯೆಂದು ನಾವು ಸಮ್ಮೇಳನಗಳಲ್ಲಿ ಹೇಳುತ್ತೇವೆ. ನೀರೂ ಬೆಸೆದಿದೆ. ಯಾರ ಗದ್ದೆಯ ಕೆಳಗೂ ಇನ್ನೊಬ್ಬರ ಗದ್ದೆ ಇದ್ದೇ ಇರುತ್ತದೆ.