ನಾಯಿ ಕಚ್ಚಿದ ದಿನ

ಬೇಸಗೆಯ ರಜೆಯಲ್ಲಿ ನಾವು ಅಕ್ಕತಂಗಿಯರು ವಡ್ಡು ಗ್ರಾಮದಲ್ಲಿದ್ದಾಗ ಬೀದಿನಾಯಿಯೊಂದು ಕಿರಿಯವಳ ಕಾಲನ್ನು ಕಚ್ಚಿತು. ಅಜ್ಜಿಯವರು ಗಾಯಕ್ಕೆ ತುಂಬಲು ಮೆಣಸಿನಪುಡಿಯನ್ನು ಹಿಡಿದು ಓಡಿಬಂದರು. ಹಿರಿಯರ ಕೈಯನ್ನು ತಡೆಯುವುದು ಸುಲಭವಲ್ಲ, ಆದರೂ ತಡೆದೆವು. ಶಾಲೆಯಲ್ಲಿ ಕಲಿತಂತೆ ಸಾಬೂನು ಹಚ್ಚಿ, ನೀರು ಸುರಿಯುತ್ತ 15 ನಿಮಿಷ ತೊಳೆದೆವು. ಕೊಡಗಳು ಬರಿದಾದುವು, ಆ ಸೀಮೆಯ ಬೇಸಗೆಯಲ್ಲಿ ನೀರಿನ ಬೆಲೆಯನ್ನು ಬಲ್ಲವರೇ ಬಲ್ಲರು. ಬಳಿಕ ತೋರಣಗಲ್ಲಿಗೆ ಕರೆದೊಯ್ದು ಚುಚ್ಚುಮದ್ದು ಹಾಕಿಸಿದೆವು. 1885ರಲ್ಲಿ ಪಾಶ್ಚರ್ ಮಹಾಶಯರು 9 ವರ್ಷದ ಬಾಲಕನೊಬ್ಬನಿಗೆ ಕೊಡಿಸಿದ ಮದ್ದಿನ ಸಂತತಿಯದೇ ಇದು. ಜಲಭೀತಿಯ ಲಕ್ಷಣಗಳು ತೋರಿದ ಮೇಲೆ ಬದುಕುವವರು ಅತಿ ವಿರಳ. ತೋರುವುದಕ್ಕೆ ಮೊದಲೇ ಮದ್ದು ಸೇರಬೇಕು. ಅಜ್ಜಿಯವರು ಮೂರು ದಿನ ನಮ್ಮೊಡನೆ ಮಾತನಾಡಲಿಲ್ಲ. ನಾಲ್ಕನೆಯ ದಿನ, ಎರಡನೆಯ ಸೂಜಿಗೆ, ಮೊಮ್ಮಗಳ ಕೈಹಿಡಿದು ತಾವೇ ಮುಂದೆ ನಡೆದರು.