ಟೇಲರ್ ಸಾಹೇಬನೂ ಸುರಪುರದ ಅರಸನೂ

ದೇವದುರ್ಗದಿಂದ ಹೊರಟು ತಿಂಥಣಿಯ ಬಳಿ ಕೃಷ್ಣೆಯನ್ನು ದಾಟಿದರೆ ಸುರಪುರದ ಸೀಮೆ. ಅಲ್ಲಿಯ ಗುಡ್ಡದ ಮೇಲೆ ಮೆಡೋಸ್ ಟೇಲರನ ಬಂಗಲೆ ‘ಟೇಲರ್ ಮಂಜಿಲ್’ ಎಂಬ ಹೆಸರಿನಿಂದ ಇಂದಿಗೂ ನಿಂತಿದೆ. ರಾಯಚೂರಿನಲ್ಲಿ ನನ್ನ ತರಗತಿಗೆ ಮಾನ್ವಿ, ದೇವದುರ್ಗಗಳಿಂದ ಬರುವ ವಿದ್ಯಾರ್ಥಿಗಳು ಆತನನ್ನು ಠಕ್ಕರ ಕಾದಂಬರಿ ಬರೆದವನೆಂದಷ್ಟೇ ಬಲ್ಲರು. ನನಗಾದರೋ ಆ ಕಾದಂಬರಿಗಿಂತ ಆತ ಹಿರಿದು ಮಾಡಿಸಿದ ಬೋನಾಳದ ಕೆರೆಯೇ ದೊಡ್ಡದು.

ಅರಸು ಕೃಷ್ಣಪ್ಪನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ಎಳೆಯ ಬಾಲಕ. 1853ರವರೆಗೆ, ಸುಮಾರು ಹತ್ತು ವರ್ಷ, ಟೇಲರನೇ ಸಂಸ್ಥಾನವನ್ನು ನೋಡಿಕೊಂಡ. ಸಾಲದಲ್ಲಿ ಮುಳುಗಿದ್ದ ಬೊಕ್ಕಸವನ್ನು ಹದಕ್ಕೆ ತಂದ, ರಸ್ತೆ ಹಾಕಿಸಿದ. ಹುಡುಗ ಆತನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ.

ಅದೇ 1853ರಲ್ಲಿ ನಮ್ಮ ಎಡೆದೊರೆ ನಾಡು ನಿಜಾಮನ ಕೈಯಿಂದ ಕಂಪನಿಯ ವಶಕ್ಕೆ ಹೋಯಿತು. ಐದು ವರ್ಷ ಕಳೆಯುವುದರೊಳಗೆ, 1858ರಲ್ಲಿ, ವೆಂಕಟಪ್ಪನಾಯಕ ಇಂಗ್ಲಿಷರ ಮೇಲೆ ಕತ್ತಿ ಹಿರಿದ. ಸೋತು ಹೈದರಾಬಾದಿನಲ್ಲಿ ಸೆರೆಸಿಕ್ಕ. ಅಲ್ಲಿಗೆ ಟೇಲರ್ ಬಂದ. ಹುಡುಗ ತಬ್ಬಿಕೊಂಡು ಅತ್ತ. ಆದರೆ ಸಂಚಿನಲ್ಲಿ ಜೊತೆಗಿದ್ದವರ ಹೆಸರು ಕೇಳಿದಾಗ ಬಾಯಿ ಬಿಡಲಿಲ್ಲ. ಸಾಕಿದವನ ಮೇಲಿನ ಪ್ರೀತಿಯೂ ನಾಡಿನ ಮೇಲಿನ ನಿಷ್ಠೆಯೂ ಒಂದೇ ಎದೆಯಲ್ಲಿ ಇರಬಲ್ಲವೆಂಬುದನ್ನು ಸಾಹೇಬ ಅಂದು ಅರಿತನೋ ಇಲ್ಲವೋ!

ಮರಣದಂಡನೆ ತಪ್ಪಿ, ಶಿಕ್ಷೆ ಕೊನೆಗೆ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಅದಕ್ಕೆ ಟೇಲರನ ಮಾತೂ ನೆರವಾಯಿತು. ಆದರೆ ಕೋಟೆಗೆ ಒಯ್ಯುವ ದಾರಿಯಲ್ಲೇ ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಗುಂಡು ಹಾರಿ ವೆಂಕಟಪ್ಪ ಸತ್ತ. ಅನಾಥವಾದ ಸುರಪುರವನ್ನು ಆಳಲು ಕಂಪನಿ ಮತ್ತೆ ಕಳುಹಿಸಿದ್ದು ಟೇಲರನನ್ನೇ.