ಬಟ್ಟೆಯ ಒಳಮೈ

ಈದ್ ಹತ್ತಿರ ಬಂತೆಂದರೆ ನಮ್ಮ ಪೇಟೆಯ ಬಟ್ಟೆಯಂಗಡಿಗಳಲ್ಲಿ ಲಕ್ನೋದ ಚಿಕನ್ ಕಸೂತಿಯ ಚೂಡಿದಾರಗಳದ್ದೇ ದರ್ಬಾರು. ಹಬ್ಬಕ್ಕೂ ಆಯಿತು, ಆಮೇಲೆ ದಿನಾ ಕಾಲೇಜಿಗೂ ಆಯಿತು ಎಂದು ಹೆಣ್ಣುಮಕ್ಕಳಿಗೆ ಅದು ಇಷ್ಟ. ಆದರೆ ಕೈಕಸೂತಿಯದ್ದರ ಬೆಲೆ ಕೇಳಿದೊಡನೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಬಿಳಿ ಬಟ್ಟೆಗೆ ಬಿಳಿ ನೂಲು, ಇದಕ್ಕೆ ಇಷ್ಟೊಂದಾ?"

ಆ ಬಟ್ಟೆಯನ್ನು ಒಮ್ಮೆ ಮಗುಚಿ ನೋಡಬೇಕು. 'ಬಖಿಯಾ' ಹೊಲಿಗೆಯನ್ನು ತೆಳು ಬಟ್ಟೆಯ ಹಿಂಬದಿಯಲ್ಲಿ ಹಾಕುತ್ತಾರೆ. ಮುಂದೆ ಕಾಣುವುದು ಅದರ ನೆರಳು. ಅಕ್ಕಿಕಾಳಿನಂತಹ 'ಮುರ್ರಿ', ರಾಗಿಕಾಳಿನಂತಹ 'ಫಂದಾ', ಎಳೆಗಳನ್ನು ಸರಿಸಿ ಮಾಡುವ 'ಜಾಲಿ' ಬೇರೆ. ಮರದ ಅಚ್ಚಿನಿಂದ ನೀಲಿಯಲ್ಲಿ ಹೂಬಳ್ಳಿ ಒತ್ತಿದ ಬಟ್ಟೆ ಸುತ್ತಲಿನ ಹಳ್ಳಿಗಳಿಗೆ ಹೋಗುತ್ತದೆ. ಅಲ್ಲಿ ಮನೆಗೆಲಸದ ನಡುವೆ ಕುಳಿತು ಹೊಲಿಯುವವರು ಮಹಿಳೆಯರು, ಅವರಲ್ಲಿ ಬಹಳ ಮಂದಿ ಬಡ ಮುಸ್ಲಿಮರು. ಕೊನೆಗೆ ಒಗೆದಾಗ ನೀಲಿ ಹೋಗಿ ಹೊಲಿಗೆ ಮಾತ್ರ ಉಳಿಯುತ್ತದೆ.

ಈ ಬದುಕು ನನಗೆ ಅಪರಿಚಿತವಲ್ಲ. ನನ್ನ ಉಮ್ಮ ಬೀಡಿ ಕಟ್ಟಿ ನಮ್ಮನ್ನು ಸಾಕಿದವರು. ಅಲ್ಲಿಯೂ ಮನೆಯೇ ಕಾರ್ಖಾನೆ, ಲೆಕ್ಕಕ್ಕೆ ತಕ್ಕ ಕೂಲಿ, ಸರಿಯಿಲ್ಲವೆಂದು ಕಂಟ್ರಾಕ್ಟರ್ ಬದಿಗೆ ಸರಿಸಿದ ಬೀಡಿಗಳಿಗೆ ಕೂಲಿಯಿಲ್ಲ. ಆದರೆ ಬೀಡಿ ಕಾರ್ಮಿಕರು ಸಂಘಟಿತರಾಗಿದ್ದರು. 1966ರಲ್ಲಿ ಅವರಿಗಾಗಿ ಪ್ರತ್ಯೇಕ ಕಾನೂನು ಬಂತು, ಮುಂದೆ ಭವಿಷ್ಯನಿಧಿಯೂ ಸಿಕ್ಕಿತು. ಅಕ್ಕನ ಮದುವೆಗೆ ಆಸರೆಯಾದದ್ದು ಉಮ್ಮನ ಆ ಹಣವೇ.

ಚಿಕನ್ ಹೊಲಿಯುವ ಹೆಚ್ಚಿನವರಿಗೆ ಅಂತಹ ಆಸರೆಯಿಲ್ಲ. ಅವರಿಗೂ ವ್ಯಾಪಾರಿಗೂ ನಡುವೆ ದಲ್ಲಾಳಿಗಳಿದ್ದಾರೆ. 1984ರಲ್ಲಿ ಲಕ್ನೋದಲ್ಲಿ ಆರಂಭವಾದ 'ಸೇವಾ' ಸಂಸ್ಥೆ ದಲ್ಲಾಳಿಗಳನ್ನು ಬದಿಗಿಟ್ಟು ಮಹಿಳೆಯರನ್ನು ಸಂಘಟಿಸಿತು. 1986ರ 'ಅಂಜುಮನ್' ಚಿತ್ರದಲ್ಲಿ ಮುಝಫ್ಫರ್ ಅಲಿ ಇವರದೇ ಕಥೆ ಹೇಳಿದರು. 2008ರಲ್ಲಿ ಚಿಕನ್ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಅದರಿಂದ ಹೆಸರಿಗೆ ರಕ್ಷಣೆ ಸಿಕ್ಕಿತೇ ಹೊರತು ಕೂಲಿಗಲ್ಲ. ಈಗ ಮೆಶಿನ್ ಕಸೂತಿಯ ಅಗ್ಗದ ಬಟ್ಟೆಗಳೂ 'ಚಿಕನ್' ಎಂದೇ ಮಾರಾಟವಾಗುತ್ತಿವೆ.

ಮೆಶಿನ್‌ನದ್ದನ್ನು ಕೊಳ್ಳುವುದು ತಪ್ಪಲ್ಲ. ಎಲ್ಲರ ಕಿಸೆಯೂ ಒಂದೇ ತೆರನಾಗಿರುವುದಿಲ್ಲ. ಆದರೆ ಕೈಯಲ್ಲಿ ಹೊಲಿದದ್ದನ್ನು ಮೆಶಿನ್‌ನ ಬೆಲೆಗೆ ಕೇಳುವುದು ಸರಿಯೇ? ಕೆಲಸಗಾರನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ನಾವು ಚೌಕಾಸಿ ಮಾಡಿ ಉಳಿಸುವ ನೂರು ರೂಪಾಯಿ ಅಂಗಡಿಯವನ ಲಾಭದಿಂದ ಬರುವುದು ಅಪರೂಪ. ಅದು ಕೆಳಕೆಳಗೆ ಜಾರಿ ಸೂಜಿ ಹಿಡಿದವಳ ಕೂಲಿಯನ್ನೇ ಮುಟ್ಟುತ್ತದೆ. ಈ ಹಬ್ಬಕ್ಕೆ ಬಟ್ಟೆ ಆರಿಸುವಾಗ ಬಣ್ಣ, ಅಳತೆಗಳ ಜೊತೆ ಇನ್ನೊಂದು ಪ್ರಶ್ನೆಯನ್ನೂ ಕೇಳೋಣ: ಇದನ್ನು ಹೊಲಿದವಳಿಗೆ ಎಷ್ಟು ಸಿಕ್ಕಿತು? ಅಂಗಡಿಯವನಿಗೆ ಉತ್ತರ ಗೊತ್ತಿರಲಿಕ್ಕಿಲ್ಲ. ಹತ್ತು ಮಂದಿ ಕೇಳಿದರೆ ಅವನೂ ವಿಚಾರಿಸಿಯಾನು.